ತೀರ್ಪುಗಾರರಿಗಿಂತ ಮುಂಚೆ ಬೆಲೆ ಬರೆಯಿರಿ: ಉದ್ಯಮ ಸ್ಪರ್ಧೆಗಳನ್ನು ನೋಡಿ ಅಭಿಪ್ರಾಯ ಹೇಳುವ ಬಗೆ

ಉದ್ಯಮಿಗಳು ಹೂಡಿಕೆದಾರರ ಮುಂದೆ ನಿಂತು ಬಂಡವಾಳ ಕೇಳುವ ಟಿ.ವಿ. ಸ್ಪರ್ಧೆ ಷಾರ್ಕ್ ಟ್ಯಾಂಕ್ ಇಂಡಿಯಾದ ಕಂತೊಂದು ಪ್ರಸಾರವಾದ ಮರುದಿನ ನಮ್ಮ ದಾವಣಗೆರೆಯ ಹೋಟೆಲಿನಲ್ಲಿ ಬೆಣ್ಣೆ ದೋಸೆಗೆ ಕಾಯುತ್ತ ಕುಳಿತಾಗ ಅಕ್ಕಪಕ್ಕದ ಮೇಜುಗಳಿಂದ ನನಗೆ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತವೆ. "ಪಾಪ, ಆ ಹುಡುಗಿ ಎಷ್ಟು ಕಷ್ಟಪಟ್ಟಾಳ, ಕೊಡ್ಬೇಕಿತ್ತು" ಎನ್ನುವುದು ಒಂದು; "ಅವ್ನು ಬರೇ ಬಾಯಿಮಾತಿನವ, ಕೊಡದೇ ಇದ್ದದ್ದೇ ಚಲೋ ಆತು" ಎನ್ನುವುದು ಇನ್ನೊಂದು. ಎರಡೂ ಮನುಷ್ಯರನ್ನು ಕುರಿತ ಮಾತುಗಳೇ ಹೊರತು ಅವರು ಕೇಳಿದ ಬೆಲೆಯನ್ನು ಕುರಿತ ಮಾತುಗಳಲ್ಲ. ಹಾಗೆ ಮಾತನಾಡುವವರಲ್ಲಿ ಎಷ್ಟೋ ಜನ ಸ್ವತಃ ವ್ಯಾಪಾರಸ್ಥರಾಗಿರುವುದು ನನಗೆ ಸೋಜಿಗ. ಅಂಗಡಿಗೆ ಬಂದವನು ಎರಡು ಚೀಲ ಅಕ್ಕಿಯನ್ನು ಉದ್ರಿ ಕೇಳಿದರೆ ಹಿಂದಿನ ಬಾಕಿ ನೋಡದೆ ಕೊಡದ ಯಜಮಾನರು, ಟಿ.ವಿ. ಮುಂದೆ ಕುಳಿತಾಗ ಮಾತ್ರ ಹಿನ್ನೆಲೆ ಸಂಗೀತಕ್ಕೆ ಕರಗಿಬಿಡುತ್ತಾರೆ. ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುವ ನಾನೂ ಬಹಳ ದಿನ ಹೀಗೆಯೇ ನೋಡಿದವನು. ನೋಡುವ ಕ್ರಮವನ್ನು ಹೇಗೆ ಬದಲಿಸಿಕೊಳ್ಳಬಹುದು, ಕಂಡದ್ದರ ಬಗ್ಗೆ ತೂಕದ ಅಭಿಪ್ರಾಯವನ್ನು ಹೇಗೆ ಹೇಳಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಸ್ಪರ್ಧೆಯ ಜಾತಿ ತಿಳಿಯಿರಿ

ಉದ್ಯಮವನ್ನು ವಸ್ತುವಾಗಿಟ್ಟುಕೊಂಡ ರಿಯಾಲಿಟಿ ಸ್ಪರ್ಧೆಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಅಭಿಪ್ರಾಯ ಆರಂಭದಲ್ಲೇ ದಾರಿ ತಪ್ಪುತ್ತದೆ. ಒಂದರಲ್ಲಿ ಸ್ಪರ್ಧಿಯು ತೀರ್ಪುಗಾರರಾಗಿ ಕುಳಿತ ಹೂಡಿಕೆದಾರರ ಮುಂದೆ ನಿಂತು ತನ್ನ ಉದ್ಯಮದ ಪಾಲನ್ನು ಮಾರುತ್ತಾನೆ. 2001ರಲ್ಲಿ ಜಪಾನಿನಲ್ಲಿ ಹುಟ್ಟಿದ 'ಮನಿ ನೋ ಟೋರಾ', ಅಂದರೆ 'ಹಣದ ಹುಲಿಗಳು' ಎಂಬ ಕಾರ್ಯಕ್ರಮ ಇದರ ಮೂಲ. ಅದೇ 2005ರಲ್ಲಿ ಬ್ರಿಟನ್ನಿನಲ್ಲಿ 'ಡ್ರ್ಯಾಗನ್ಸ್ ಡೆನ್' ಆಯಿತು, 2009ರಲ್ಲಿ ಅಮೆರಿಕದಲ್ಲಿ 'ಷಾರ್ಕ್ ಟ್ಯಾಂಕ್' ಆಯಿತು, 2021ರ ಡಿಸೆಂಬರ್ 20ರಂದು ಸೋನಿ ವಾಹಿನಿಯ ಮೂಲಕ ನಮ್ಮ ಮನೆಗಳಿಗೂ ಬಂತು. ಹುಲಿ ಡ್ರ್ಯಾಗನ್ ಆಗಿ, ಡ್ರ್ಯಾಗನ್ ಷಾರ್ಕ್ ಆದ ಈ ಪ್ರಯಾಣದಲ್ಲಿ ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕರಡಿಗೆ ಇನ್ನೂ ಅವಕಾಶ ಸಿಕ್ಕಿಲ್ಲ.

ಇನ್ನೊಂದು ಬಗೆ 'ದಿ ಅಪ್ರೆಂಟಿಸ್' ಮಾದರಿಯದು. 2004ರಲ್ಲಿ ಅಮೆರಿಕದಲ್ಲಿ ಡೊನಾಲ್ಡ್ ಟ್ರಂಪ್ ಅವರನ್ನು ಮುಂದಿಟ್ಟುಕೊಂಡು ಆರಂಭವಾದ ಈ ಸ್ಪರ್ಧೆಯಲ್ಲಿ ತಂಡಗಳು ಒಂದೊಂದು ಕೆಲಸ ಮಾಡಿ ತೋರಿಸಬೇಕು. ಸೋತ ತಂಡದಿಂದ ಒಬ್ಬರು ಮನೆಗೆ ಹೋಗಬೇಕು. ಬ್ರಿಟನ್ನಿನ ಆವೃತ್ತಿಯಲ್ಲಿ ಅಲನ್ ಶುಗರ್ ಅವರು ಮೊದಲು ಗೆದ್ದವರಿಗೆ ಉದ್ಯೋಗ ಕೊಡುತ್ತಿದ್ದರು; 2011ರಿಂದ ಗೆದ್ದವರ ಉದ್ಯಮದಲ್ಲಿ 2,50,000 ಪೌಂಡ್ ತೊಡಗಿಸುವ ಕ್ರಮ ಬಂತು. ಬಹುಮಾನ ಬದಲಾದರೂ ವಾರವಾರದ ಕೆಲಸಗಳು ಮಾತ್ರ ಮಾರಾಟ, ಚೌಕಾಸಿ, ತಂಡ ನಡೆಸುವುದು ಇವೇ ಆಗಿ ಉಳಿದವು. ಆದ್ದರಿಂದ "ಒಳ್ಳೆಯ ಯೋಜನೆ ಇದ್ದವನನ್ನು ಹೊರಗೆ ಕಳಿಸಿದರು" ಎಂದು ನೋಡುವವರು ದೂರಿದಾಗ ಆ ದೂರಿನಲ್ಲಿ ಅರ್ಧ ಸತ್ಯ ಮಾತ್ರ ಇರುತ್ತದೆ. ಆ ವಾರ ಯಾರೂ ಅವನ ಯೋಜನೆಯನ್ನು ತೂಗಿರುವುದಿಲ್ಲ, ಅವನು ಮೀನು ಮಾರಿದ ರೀತಿಯನ್ನೋ ತಂಡವನ್ನು ನಡೆಸಿದ ರೀತಿಯನ್ನೋ ತೂಗಿರುತ್ತಾರೆ. ಅಭಿಪ್ರಾಯ ಹೇಳುವ ಮುನ್ನ, ಇಂದು ಅಳೆದದ್ದು ಏನನ್ನು ಎಂದು ಒಂದು ಸಾಲಿನಲ್ಲಿ ಹೇಳಿಕೊಳ್ಳುವುದು ಒಳಿತು. ಇನ್ನು ಮುಂದೆ ನಾನು ಹೇಳುವುದು ಹೆಚ್ಚಾಗಿ ಮೊದಲ ಬಗೆಗೆ ಸಂಬಂಧಿಸಿದ್ದು, ಏಕೆಂದರೆ ನಮ್ಮೂರಿನಲ್ಲಿ ಜನ ನೋಡುವುದು ಅದನ್ನೇ.

ಪುಸ್ತಕ, ಪೆನ್ನು, ವಿರಾಮದ ಗುಂಡಿ

ಈ ಬರಹದ ಮುಖ್ಯ ಸಲಹೆ ಇದು: ಸ್ಪರ್ಧಿಯು ತನಗೆ ಎಷ್ಟು ಹಣ ಬೇಕು, ಅದಕ್ಕೆ ಬದಲಾಗಿ ಎಷ್ಟು ಪಾಲು ಕೊಡುತ್ತೇನೆ ಎಂದು ಹೇಳಿ ಮುಗಿಸಿದ ಕೂಡಲೇ, ಮೊದಲ ತೀರ್ಪುಗಾರರು ಬಾಯಿ ತೆರೆಯುವ ಮುನ್ನ, ಪ್ರಸಾರವನ್ನು ನಿಲ್ಲಿಸಿ ನಿಮ್ಮ ಬೆಲೆಯನ್ನು ಪುಸ್ತಕದಲ್ಲಿ ಬರೆಯಿರಿ. ಮೊಬೈಲಿನಲ್ಲೋ ಆ್ಯಪ್ ಮೂಲಕ ಟಿ.ವಿ.ಯಲ್ಲೋ ನೋಡುವವರಿಗೆ ನಿಲ್ಲಿಸುವುದು ಸುಲಭ. ನೇರವಾಗಿ ವಾಹಿನಿಯಲ್ಲಿ ನೋಡುವವರು ಜಾಹೀರಾತು ಬರುವವರೆಗೆ ಕಾಯದೆ ಗಡಿಬಿಡಿಯಲ್ಲೇ ಒಂದು ಅಂಕಿ ಗೀಚಬೇಕಾಗುತ್ತದೆ. ಇದನ್ನು ಮಾಡದೆ ನೋಡುತ್ತ ಹೋದರೆ ತೀರ್ಪುಗಾರರಾದ ಅಮನ್ ಗುಪ್ತಾ ನಕ್ಕಾಗ ನಾವೂ ನಗುತ್ತೇವೆ, ಅನುಪಮ್ ಮಿತ್ತಲ್ ಹುಬ್ಬು ಗಂಟಿಕ್ಕಿದಾಗ ನಮಗೂ ಅನುಮಾನ ಹುಟ್ಟುತ್ತದೆ. ಕೊನೆಗೆ ನಮ್ಮ ಅಭಿಪ್ರಾಯವೆಂದು ನಾವು ಹೇಳುವುದು ಅವರ ಮುಖಭಾವವನ್ನೇ ಆಗಿರುತ್ತದೆ.

ಬೆಲೆ ಕಟ್ಟುವ ಲೆಕ್ಕ ದೊಡ್ಡದೇನಲ್ಲ. ಒಬ್ಬರು ಮಸಾಲೆ ಮಂಡಕ್ಕಿಯ ಪಾಕೀಟು ಮಾಡುವ ಉದ್ಯಮಕ್ಕಾಗಿ ಶೇಕಡಾ 4ರಷ್ಟು ಪಾಲಿಗೆ 40 ಲಕ್ಷ ರೂಪಾಯಿ ಕೇಳಿದರು ಎಂದು ಇಟ್ಟುಕೊಳ್ಳೋಣ. 40 ಲಕ್ಷವನ್ನು 4ರಿಂದ ಭಾಗಿಸಿ 100ರಿಂದ ಗುಣಿಸಿದರೆ 10 ಕೋಟಿ ಬರುತ್ತದೆ; ಅವರು ತಮ್ಮ ಉದ್ಯಮಕ್ಕೆ ಕಟ್ಟಿದ ಬೆಲೆ, ಅಂದರೆ ವ್ಯಾಲ್ಯುಯೇಷನ್, ಅದೇ. ಈ 10 ಕೋಟಿಯಲ್ಲಿ ಬರಲಿರುವ 40 ಲಕ್ಷವೂ ಸೇರಿರುವುದರಿಂದ ಹಣ ಬರುವ ಮುನ್ನಿನ ಬೆಲೆ 9 ಕೋಟಿ 60 ಲಕ್ಷ. ವರ್ಷದ ವಹಿವಾಟು 1 ಕೋಟಿ 20 ಲಕ್ಷ, ನಿವ್ವಳ ಲಾಭ ಶೇಕಡಾ 8 ಎಂದು ಅವರು ಹೇಳಿದರೆ ಲಾಭ 9 ಲಕ್ಷ 60 ಸಾವಿರ ರೂಪಾಯಿ. ಅದರಲ್ಲಿ ಶೇಕಡಾ 4 ಎಂದರೆ 38,400 ರೂಪಾಯಿ. 40 ಲಕ್ಷ ಕೊಟ್ಟವನು ಈಗಿನ ಲಾಭದ ಪಾಲಿನಿಂದಲೇ ಅಸಲು ತೀರಿಸಿಕೊಳ್ಳಬೇಕಾದರೆ 104 ವರ್ಷ ಕಾಯಬೇಕು.

ಇಷ್ಟಕ್ಕೇ ಪುಸ್ತಕ ಮುಚ್ಚಿ "ಹುಚ್ಚು ಬೆಲೆ" ಎಂದು ತೀರ್ಪು ಕೊಡುವುದೂ ತಪ್ಪಾಗುತ್ತದೆ. ಆರಂಭದಲ್ಲಿ ನಾನು ಮಾಡುತ್ತಿದ್ದ ತಪ್ಪು ಅದೇ. ಹೂಡಿಕೆದಾರನು ಈಗಿನ ಲಾಭಕ್ಕೆ ಹಣ ಕೊಡುವುದಿಲ್ಲ, ಬೆಳವಣಿಗೆಗೆ ಕೊಡುತ್ತಾನೆ, ಮುಂದೊಂದು ದಿನ ತನ್ನ ಪಾಲನ್ನು ಹೆಚ್ಚಿನ ಬೆಲೆಗೆ ಇನ್ನೊಬ್ಬರಿಗೆ ಮಾರುತ್ತಾನೆ. ಅದೇ ಮಂಡಕ್ಕಿ ಉದ್ಯಮದ ಲಾಭ ಐದು ವರ್ಷ ಬಿಡದೆ ಇಮ್ಮಡಿಯಾಗುತ್ತ ಹೋದರೆ 3 ಕೋಟಿ 7 ಲಕ್ಷಕ್ಕೆ ಮುಟ್ಟುತ್ತದೆ. ಆಗ 10 ಕೋಟಿ ಎಂಬುದು ಮೂರು ವರ್ಷದ ಲಾಭಕ್ಕಿಂತ ತುಸು ಹೆಚ್ಚಿನ ಮೊತ್ತವಾಗಿ ಕಾಣುತ್ತದೆ. ಹಾಗಾದರೆ ನಿಜವಾದ ಪ್ರಶ್ನೆ, ಐದು ವರ್ಷ ಇಮ್ಮಡಿಯಾಗಲು ಇದರಲ್ಲಿ ಏನಿದೆ ಎಂಬುದು. ಪುಸ್ತಕದಲ್ಲಿ ನಿಮ್ಮ ಬೆಲೆಯ ಪಕ್ಕದಲ್ಲಿ ಆ ಕಾರಣವನ್ನೂ ಒಂದೆರಡು ಪದಗಳಲ್ಲಿ ಬರೆದಿಟ್ಟರೆ ಮುಂದಿನ ಮಾತುಕತೆಯಲ್ಲಿ ಯಾವುದಕ್ಕೆ ಕಿವಿಗೊಡಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮನೆಯ ಹಿರಿಯರ ಜೊತೆ ನೋಡುವವರು ಕಾರ್ಯಕ್ರಮದ ಹಿಂದಿ ಮತ್ತು ಇಂಗ್ಲಿಷ್ ಪದಗಳಿಗೆ ಅಂಗಡಿಯ ಪದಗಳನ್ನು ಮೊದಲೇ ಹೊಂದಿಸಿಟ್ಟುಕೊಳ್ಳಬೇಕು. ಈಕ್ವಿಟಿ ಎಂದರೆ ಪಾಲು. ರಾಯಲ್ಟಿ ಎಂದರೆ ಮಾರಿದ ಪ್ರತಿಯೊಂದು ಸರಕಿನ ಮೇಲೆ ಕೊಡಬೇಕಾದ ಹಣ. ಡೆಟ್ ಎಂದರೆ ಸಾಲ. ಗ್ರಾಸ್ ಮಾರ್ಜಿನ್ ಎಂಬುದನ್ನು ಬಿಡಿಸಿ ಹೇಳದಿದ್ದರೆ ದೊಡ್ಡ ಗೊಂದಲವಾಗುತ್ತದೆ, ಏಕೆಂದರೆ ಅದು ಸರಕು ತಯಾರಿಸಲು ತಗಲುವ ನೇರ ಖರ್ಚನ್ನು ಮಾತ್ರ ಕಳೆದ ಅಂಕಿ. ಜಾಹೀರಾತು, ಬಾಡಿಗೆ, ಕಚೇರಿಯ ಸಂಬಳ, ಬಡ್ಡಿ ಎಲ್ಲವೂ ಅದರಿಂದಲೇ ಹೋಗಬೇಕು. ಶೇಕಡಾ 70 ಗ್ರಾಸ್ ಮಾರ್ಜಿನ್ ಎಂದು ಸ್ಪರ್ಧಿಯು ಎದೆಯುಬ್ಬಿಸಿ ಹೇಳಿ, ಎರಡು ನಿಮಿಷದ ನಂತರ ತಿಂಗಳಿಗೆ ನಷ್ಟವೆಂದು ಒಪ್ಪಿಕೊಳ್ಳುವ ಪ್ರಸಂಗಗಳಲ್ಲಿ ಸುಳ್ಳೇನೂ ಇರಬೇಕಾಗಿಲ್ಲ.

ಭಟ್ಟಿಯ ಯಜಮಾನರು ಕಲಿಸಿದ್ದು

ನಮ್ಮ ಪಕ್ಕದ ಮನೆಯವರು ಮಂಡಕ್ಕಿ ಭಟ್ಟಿ ನಡೆಸುತ್ತಾರೆ. ವಯಸ್ಸಿನಲ್ಲಿ ನನಗಿಂತ ಹಿರಿಯರು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಒಂದು ರಾತ್ರಿ ಕುರುಕಲು ತಿಂಡಿಯ ಉದ್ಯಮವೊಂದು ತೆರೆಯ ಮೇಲೆ ಬಂದಿತ್ತು. ಎಣ್ಣೆಯಿಲ್ಲದೆ ಉಬ್ಬಿಸಿದ ಧಾನ್ಯ, ಬಣ್ಣದ ದೊಡ್ಡ ಪಾಕೀಟು, ತೀರ್ಪುಗಾರರೆಲ್ಲ ರುಚಿ ನೋಡಿ ತಲೆದೂಗಿದರು. ನಾನೂ ಒಳ್ಳೆಯ ಬೆಲೆಯನ್ನೇ ಬರೆದೆ. ಕಾಕಾ ಮಾತ್ರ ಪಾಕೀಟನ್ನೇ ದಿಟ್ಟಿಸುತ್ತ, "ಅಲ್ಲಪಾ, ಲಾರ್ಯಾಗ ಎಷ್ಟು ಹಿಡಿತೈತಿ ಕೇಳಿದ್ರೇನು?" ಎಂದರು. ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಮಂಡಕ್ಕಿಯ ಚೀಲ ನೋಡಲು ಆಳೆತ್ತರ, ತೂಕ ಮಾತ್ರ ಹಗುರ. ಲಾರಿಯು ತೂಕದಲ್ಲಿ ತುಂಬುವ ಎಷ್ಟೋ ಮೊದಲು ಜಾಗದಲ್ಲಿ ತುಂಬಿಬಿಡುತ್ತದೆ, ಆದರೆ ಬಾಡಿಗೆ ಪೂರ್ತಿ ಲಾರಿಯದೇ. "ಗಾಳಿಗೆ ಬಾಡ್ಗಿ ಕಟ್ಟೂದು ನಮ್ಮ ಯವಾರ" ಎಂದು ನಕ್ಕರು. ದಾವಣಗೆರೆಯಲ್ಲಿ ಹುರಿದದ್ದನ್ನು ದಿಲ್ಲಿಯಲ್ಲಿ ಮಾರುತ್ತೇನೆ ಎನ್ನುವವನ ಲಾಭವನ್ನು ರುಚಿ ನಿರ್ಧರಿಸುವುದಕ್ಕಿಂತ ಹೆಚ್ಚಾಗಿ ಸಾಗಣೆಯ ಬಾಡಿಗೆ ನಿರ್ಧರಿಸುತ್ತದೆ. ಆ ಕಂತಿನಲ್ಲಿ ನಮಗೆ ತೋರಿಸಿದ ಭಾಗದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಅವರ ಎರಡನೆಯ ಪ್ರಶ್ನೆ ಯಾವಾಗಲೂ ಉದ್ರಿಯದು. ಅಂಗಡಿಗಳ ಮೂಲಕ ಮಾರುವ ಯಾವ ಸ್ಪರ್ಧಿ ಬಂದರೂ, ಕೋಟಿ ರೂಪಾಯಿಯ ಮಾರಾಟ ಎಂದಾಗ, ಅದರಲ್ಲಿ ಗಲ್ಲಾಪೆಟ್ಟಿಗೆಗೆ ಬಂದದ್ದೆಷ್ಟು, ಅಂಗಡಿಯವರ ಬಳಿ ಬಾಕಿ ನಿಂತದ್ದೆಷ್ಟು ಎಂದು ಅವರು ಗೊಣಗುತ್ತಾರೆ. ಲೆಕ್ಕ ಬರೆಯುವವನಾದ ನನಗೇ ಹೊಳೆಯದ ಪ್ರಶ್ನೆ ಅದು ಎಂದು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಆದ್ದರಿಂದ ನನ್ನ ಸಲಹೆಯೆಂದರೆ, ಬಂದ ಸರಕಿನ ವ್ಯಾಪಾರ ಬಲ್ಲ ಒಬ್ಬರನ್ನಾದರೂ ಜೊತೆಗೆ ಕೂರಿಸಿಕೊಳ್ಳಿ. ಹತ್ತಿಯ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿದು. ಬಟ್ಟೆಯ ಉದ್ಯಮ ಬಂದಾಗ ಗಿರಣಿಯಲ್ಲಿ ದುಡಿದ ಹಿರಿಯರೊಬ್ಬರು ನೂಲಿನ ಬಗ್ಗೆ ಆಡುವ ಒಂದು ಮಾತು ಬಹಳ ಬೆಳಕು ಕೊಡುತ್ತದೆ. ಅಡುಗೆ ಎಣ್ಣೆಯ ಸ್ಪರ್ಧಿ ಬಂದರೆ ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆ ಕಡೆಯ ನೆಂಟರಿಗೆ ಫೋನ್ ಮಾಡಿದರೂ ಆದೀತು.

ಕಣ್ಣೀರು ಮತ್ತು ಅಂಕಿ

ಷಾರ್ಕ್ ಟ್ಯಾಂಕ್ ಇಂಡಿಯಾದ ಮೊದಲ ಆವೃತ್ತಿಯಲ್ಲಿ ಮಹಾರಾಷ್ಟ್ರದ ಮಾಲೇಗಾಂವ ಕಡೆಯ ಯುವಕರೊಬ್ಬರು ರೈತರು ಬೆನ್ನಿಗೆ ಕ್ಯಾನು ಹೊರದೆ ಔಷಧಿ ಸಿಂಪಡಿಸಲು ತಾವೇ ರೂಪಿಸಿದ ಸೈಕಲ್ ಮಾದರಿಯ ಗಾಡಿಯನ್ನು ತಂದಿದ್ದು ಅನೇಕರಿಗೆ ನೆನಪಿರಬಹುದು. ಹತ್ತಿ, ಮೆಕ್ಕೆಜೋಳ ಬೆಳೆಯುವ ನಮ್ಮ ಕಡೆಯವರು ಆ ಗಾಡಿಯನ್ನು ನೋಡಿದ ಬಗೆಯೇ ಬೇರೆ, ಏಕೆಂದರೆ ಪಂಪು ಹೊತ್ತು ಹೆಗಲು ಕಂದಿದವರು ನಮ್ಮ ಮನೆಗಳಲ್ಲೇ ಇದ್ದಾರೆ. ಆ ಯುವಕರು ಕೇಳಿದ್ದು ಶೇಕಡಾ 10ಕ್ಕೆ 30 ಲಕ್ಷ. ಅಂದರೆ 3 ಕೋಟಿಯ ಬೆಲೆ. ತೀರ್ಪುಗಾರರಲ್ಲೊಬ್ಬರಾದ ಪೀಯೂಷ್ ಬನ್ಸಲ್ ಕೊಟ್ಟದ್ದು ಶೇಕಡಾ 40ಕ್ಕೆ 10 ಲಕ್ಷ ಮತ್ತು ಬಡ್ಡಿಯಿಲ್ಲದ 20 ಲಕ್ಷದ ಸಾಲ. ನೋಡಿದವರು ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಪುಸ್ತಕದಲ್ಲಿ ಲೆಕ್ಕ ಹಾಕಿದಾಗ ಮಾತ್ರ 3 ಕೋಟಿಯ ಬೆಲೆ 25 ಲಕ್ಷಕ್ಕೆ ಇಳಿದದ್ದು ಕಂಡಿತು.

ಇದರಿಂದ ಬನ್ಸಲ್ ಅವರು ಮೋಸ ಮಾಡಿದರು ಎಂದಾಗಲಿ, ದಾನ ಮಾಡಿದರು ಎಂದಾಗಲಿ ಹೇಳಿದರೆ ಎರಡೂ ಅತಿಯಾಗುತ್ತವೆ. ಇನ್ನೂ ಮಾರುಕಟ್ಟೆಗೆ ಸರಿಯಾಗಿ ಕಾಲಿಡದ ಸರಕಿಗೆ ಬೆಲೆ ಕಟ್ಟುವುದು ಕಷ್ಟ. ಉಳಿದವರು ಹಿಂದೆ ಸರಿದಾಗ ಒಬ್ಬರು ನಿಂತರು. ನಿಂತವರು ದೊಡ್ಡ ಪಾಲನ್ನು ಪಡೆದರು. ಈ ಮೂರನ್ನೂ ಒಟ್ಟಿಗೆ ಹೇಳುವುದೇ ಒಳ್ಳೆಯ ಅಭಿಪ್ರಾಯ. ಮನಸ್ಸು ಕರಗಿದ್ದನ್ನು ಮರೆಮಾಚಬೇಕಾಗಿಲ್ಲ, ಅದನ್ನು ಅಂಕಿಯ ಪಕ್ಕದಲ್ಲಿ ಪ್ರತ್ಯೇಕ ಸಾಲಿನಲ್ಲಿ ಬರೆದರೆ ಸಾಕು.

ಬರಿಗೈಯಲ್ಲಿ ಹೋದವರನ್ನು ಸೋತವರೆಂದು ಕರೆಯುವ ಮುನ್ನವೂ ತುಸು ತಡೆಯಬೇಕು. 2013ರಲ್ಲಿ ಅಮೆರಿಕದ ಆವೃತ್ತಿಗೆ ಜೇಮಿ ಸಿಮಿನಾಫ್ ಎಂಬವರು ಬಾಗಿಲ ಗಂಟೆಗೆ ಕ್ಯಾಮೆರಾ ಜೋಡಿಸಿದ ಸಾಧನವನ್ನು ತಂದು ಶೇಕಡಾ 10ಕ್ಕೆ 7 ಲಕ್ಷ ಡಾಲರ್ ಕೇಳಿದರು; ಒಪ್ಪಂದವಿಲ್ಲದೆ ಹೊರಟರು. ಅದೇ ಮುಂದೆ 'ರಿಂಗ್' ಎಂಬ ಹೆಸರಿನಲ್ಲಿ ಬೆಳೆಯಿತು; 2018ರಲ್ಲಿ ಅಮೆಜಾನ್ ಅದನ್ನು ಕೊಂಡಾಗ ಬೆಲೆ ನೂರು ಕೋಟಿ ಡಾಲರ್ ದಾಟಿತ್ತೆಂದು ವರದಿಯಾಯಿತು.

ತೋರಿಸಿದ್ದು, ತೋರಿಸದಿದ್ದದ್ದು

ತೆರೆಯ ಮೇಲೆ ಹತ್ತು ಹದಿನೈದು ನಿಮಿಷ ಕಾಣುವ ಮಾತುಕತೆ ಚಿತ್ರೀಕರಣದಲ್ಲಿ ಅದರ ಹಲವು ಪಟ್ಟು ಹೊತ್ತು ನಡೆದಿರುತ್ತದೆ. ಕತ್ತರಿಸುವಾಗ ಉಳಿಯುವುದು ಜಗಳ, ನಗು, ಕಣ್ಣೀರು. ಹೋಗುವುದು ತೆರಿಗೆ, ದಾಸ್ತಾನು, ಉದ್ರಿಯ ವಿಚಾರ. ಆದ್ದರಿಂದ "ಅದನ್ನು ಕೇಳಲೇ ಇಲ್ಲ" ಎನ್ನುವ ಬದಲು "ಅದನ್ನು ತೋರಿಸಲಿಲ್ಲ" ಎಂದು ಬರೆಯುವುದು ಹೆಚ್ಚು ಸರಿ. ವೇದಿಕೆಯ ಮೇಲಿನ ಕೈಕುಲುಕುವಿಕೆಯೂ ಕೊನೆಯ ಮಾತಲ್ಲ: ಆಮೇಲೆ ಹೂಡಿಕೆದಾರರ ಕಡೆಯವರು ಲೆಕ್ಕಪತ್ರ, ಪರವಾನಗಿ, ಸಾಲ, ಕೋರ್ಟ್ ವ್ಯಾಜ್ಯ ಎಲ್ಲವನ್ನೂ ಪರಿಶೀಲಿಸುತ್ತಾರೆ, ಆ ಹಂತದಲ್ಲಿ ಷರತ್ತು ಬದಲಾಗುವುದೂ ಒಪ್ಪಂದ ಮುರಿದುಬೀಳುವುದೂ ಉಂಟು. ಹೆಣ್ಣು ನೋಡುವ ಶಾಸ್ತ್ರ ಮುಗಿದ ಸಂಜೆಯೇ ಮದುವೆಯ ಊಟದ ರುಚಿ ಹೇಳಲಾಗದು.

ತೀರ್ಪುಗಾರರ ಮಾತಿನ ಬಿರುಸು ನೋಡುವವರನ್ನು ಎರಡು ಗುಂಪು ಮಾಡುತ್ತದೆ. ಮೊದಲ ಆವೃತ್ತಿಯಲ್ಲಿ ಅಶ್ನೀರ್ ಗ್ರೋವರ್ ಅವರ ಕಟುಮಾತು ಕೆಲವರಿಗೆ ಹಿಡಿಸಿತು, ಕೆಲವರಿಗೆ ಕಿರಿಕಿರಿಯಾಯಿತು. ಎರಡನೆಯ ಆವೃತ್ತಿಯಲ್ಲಿ ಅವರಿಲ್ಲದೆ ಕಾರ್ದೇಖೊ ಕಂಪನಿಯ ಅಮಿತ್ ಜೈನ್ ಬಂದಾಗ ಸಪ್ಪೆಯಾಯಿತು ಎಂದವರೂ ಇದ್ದರು, ನೆಮ್ಮದಿಯಾಯಿತು ಎಂದವರೂ ಇದ್ದರು. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಮಾಡಿಕೊಳ್ಳಬೇಕು: ಹೇಳಿದ ವಿಷಯ ಸರಿಯೇ, ಹೇಳಿದ ಧಾಟಿ ಸರಿಯೇ? ವಿಷಯ ಸರಿಯಾಗಿದ್ದು ಧಾಟಿ ಕೆಟ್ಟದ್ದಾಗಿರಬಹುದು, ಮಧುರವಾದ ಮಾತಿನಲ್ಲಿ ಹುರುಳಿಲ್ಲದೆಯೂ ಇರಬಹುದು. ಹಿಂದಿ ತಡವರಿಸುವ ಸ್ಪರ್ಧಿಗೂ ಸರಾಗವಾಗಿ ಇಂಗ್ಲಿಷ್ ಆಡುವ ಸ್ಪರ್ಧಿಗೂ ಒಂದೇ ಪ್ರಶ್ನೆಯನ್ನು ಒಂದೇ ದನಿಯಲ್ಲಿ ಕೇಳಿದರೇ ಎಂಬುದನ್ನು ನಾನು ವಿಶೇಷವಾಗಿ ಗಮನಿಸುತ್ತೇನೆ. ಇದು ನನ್ನ ಪಕ್ಷಪಾತವೂ ಇರಬಹುದು. ಹಿಂದಿಯಲ್ಲಿ ತಡವರಿಸುವವರಲ್ಲಿ ನಾನೂ ಒಬ್ಬ.

"ಅವರದೇ ಕಂಪನಿ ನಷ್ಟದಲ್ಲಿದೆ, ಇವರೇನು ಬುದ್ಧಿ ಹೇಳುವುದು" ಎಂಬ ಟೀಕೆಯನ್ನು ಬಾಯಿಪಾಠದಂತೆ ಒಪ್ಪಿಸುವ ಅಗತ್ಯ ಈಗಿಲ್ಲ. ತೀರ್ಪುಗಾರರ ಸಾಲಿನಲ್ಲಿ ಕುಳಿತ ಗಝಲ್ ಅಲಘ್ ಅವರ ಮಾಮಾಅರ್ಥ್‌ನ ಮಾತೃಸಂಸ್ಥೆ 2023ರಲ್ಲೂ, ನಮಿತಾ ಥಾಪರ್ ಅವರ ಎಂಕ್ಯೂರ್ 2024ರಲ್ಲೂ, ಬನ್ಸಲ್ ಅವರ ಲೆನ್ಸ್‌ಕಾರ್ಟ್ 2025ರಲ್ಲೂ ಷೇರುಪೇಟೆಗೆ ಬಂದಿವೆ. ಮೂರು ತಿಂಗಳಿಗೊಮ್ಮೆ ಅವು ಲಾಭ ನಷ್ಟದ ಲೆಕ್ಕವನ್ನು ಪ್ರಕಟಿಸಲೇಬೇಕು. ಓದಿ ಮಾತನಾಡಬಹುದು.

ಮಾತನ್ನು ಹೊರಗೆ ಹೇಳುವಾಗ

ಬರೆದು ಹಂಚಿಕೊಳ್ಳುವ ಅಭಿಪ್ರಾಯದಲ್ಲಿ ಸ್ಪರ್ಧಿಯ ರೂಪ, ಉಡುಪು, ಜಾತಿ, ಮನೆಯವರ ವಿಷಯ ಬರಬಾರದು. ಅವರು ನಟರಲ್ಲ, ಮರುದಿನ ಅಂಗಡಿ ತೆರೆಯಬೇಕಾದವರು. ನಿಮ್ಮ ಬೆಲೆ, ಅದರ ಕಾರಣ, ತೀರ್ಪುಗಾರರು ಕೊಟ್ಟ ಬೆಲೆ, ನಿಮಗೂ ಅವರಿಗೂ ಅಂತರ ಬಂದದ್ದು ಎಲ್ಲಿ ಎಂಬಷ್ಟನ್ನು ಹೇಳಿದರೆ ನಾಲ್ಕೈದು ವಾಕ್ಯಗಳಲ್ಲಿ ಒಳ್ಳೆಯ ಅಭಿಪ್ರಾಯ ಸಿದ್ಧವಾಗುತ್ತದೆ. "ಈ ಉಪಾಯ ನನಗೆ ಮೊದಲೇ ಹೊಳೆದಿತ್ತು" ಎಂಬ ಸಾಲನ್ನು ದಯವಿಟ್ಟು ಬಿಟ್ಟುಬಿಡಿ, ಅದು ಎಲ್ಲರಿಗೂ ಹೊಳೆದಿರುತ್ತದೆ.

ಸರಕನ್ನು ಬಳಸದೆ ಅದರ ಗುಣದ ಬಗ್ಗೆ ಬರೆಯುವುದೂ ಬೇಡ. ಹಾಗೆಂದು ಕಂತು ನೋಡಿದ ರಾತ್ರಿಯೇ ತರಿಸಲು ಹೋಗಬೇಡಿ. ನಾನು ಒಮ್ಮೆ ಹಾಗೆ ಮಾಡಿ, ಪ್ರಸಾರದ ನಂತರ ನುಗ್ಗಿದ ಗಿರಾಕಿಗಳ ಸಾಲಿನ ಕೊನೆಯಲ್ಲಿ ಸಿಕ್ಕಿಕೊಂಡು, ಮೂರು ವಾರಕ್ಕೆ ಬಂದ ಪೆಟ್ಟಿಗೆಯಲ್ಲಿ ಕೇಳಿದ್ದರ ಬದಲು ಬೇರೆಯದೇ ಬಣ್ಣದ ಡಬ್ಬಿ ಕಂಡು ಸಿಟ್ಟಿನಿಂದ ಬರೆಯಲು ಕುಳಿತಿದ್ದೆ. ಎರಡು ತಿಂಗಳ ನಂತರ ತರಿಸಿದ್ದರೆ ಆ ಉದ್ಯಮದ ನಿಜವಾದ ಕೈಗುಣ ತಿಳಿಯುತ್ತಿತ್ತು.

ಒಂದು ವರ್ಷದ ನಂತರ ಪುಸ್ತಕವನ್ನು ಮತ್ತೆ ತೆರೆಯಿರಿ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಂದಾಯಿತ ಕಂಪನಿಯೊಂದರ ಮೂಲ ವಿವರಗಳನ್ನು ಹಣ ಕೊಡದೆ ನೋಡಬಹುದು. ವಾರ್ಷಿಕ ಲೆಕ್ಕಪತ್ರ ಬೇಕಾದರೆ ಶುಲ್ಕ ಕಟ್ಟಬೇಕು. ಜಿ.ಎಸ್.ಟಿ. ಸಂಖ್ಯೆ ತಿಳಿದಿದ್ದರೆ ನೋಂದಣಿ ಜೀವಂತವಾಗಿದೆಯೇ ರದ್ದಾಗಿದೆಯೇ ಎಂಬುದು ಜಿ.ಎಸ್.ಟಿ. ಜಾಲತಾಣದಲ್ಲೇ ಕಾಣುತ್ತದೆ. ತಿನ್ನುವ ಸರಕಾದರೆ ಪಾಕೀಟಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್.ಎಸ್.ಎಸ್.ಎ.ಐ.ನ, 14 ಅಂಕಿಗಳ ಸಂಖ್ಯೆ ಇರಬೇಕು. ಇಷ್ಟನ್ನು ನೋಡಿ ನಿಮ್ಮ ಹಳೆಯ ಬೆಲೆಯ ಕೆಳಗೆ ಕೆಂಪು ಪೆನ್ನಿನಲ್ಲಿ ಒಂದು ಸಾಲು ಬರೆಯಿರಿ. ಹಳೆಯ ಅಂಕಿಯನ್ನು ಮಾತ್ರ ತಿದ್ದಬೇಡಿ.

ಕಾಕಾ ಪುಸ್ತಕ ಇಡುವುದಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಭಟ್ಟಿ ಹಚ್ಚಬೇಕಾದ್ದರಿಂದ ಅವರು ಎಷ್ಟೋ ಸಲ ಒಪ್ಪಂದ ಕುದುರುವ ಮುನ್ನವೇ ಎದ್ದು ಹೋಗುತ್ತಾರೆ. ಮರುದಿನ ನಾನು ಹಾಲು ತರಲು ಹೋಗುವಾಗ, ಹುರಿದ ಮರಳಿನ ಬಿಸಿ ಇನ್ನೂ ಮುಖದ ಮೇಲಿರುವಂತೆಯೇ, ಬಾಗಿಲಲ್ಲಿ ನಿಂತು ಕೇಳುತ್ತಾರೆ: "ಅವಂದು ಲಾರಿ ಬಾಡ್ಗಿ ಎಷ್ಟಂತ ಆಮ್ಯಾಲರ ಹೇಳಿದ್ನೇನಪಾ?"